ಟೇಪಣ್ಣ ಮೊದಲೇ ನೋಡಿದ ಫೈನಲ್

ಟೇಪಣ್ಣನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವನನ್ನು ಕಂಡವರಿಲ್ಲ, ಹಾಗಾಗಿ ಬೀದಿಗೆಲ್ಲ ಅವನು ಟೇಪಣ್ಣ. ಅವನ ಹೊಲಿಗೆ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುತ್ತಾ ನನಗೆ ಹತ್ತೊಂಬತ್ತು ವರ್ಷವಾಯಿತು. ವಯಸ್ಸಿನಲ್ಲಿ ಅವನಿಗಿಂತ ಎರಡು ವರ್ಷ ದೊಡ್ಡವಳು, ಬಾಯಿಯಲ್ಲಿ ಇನ್ನೂ ದೊಡ್ಡವಳು. ಅವನು ನನ್ನನ್ನು ಅಕ್ಕ ಎನ್ನುತ್ತಾನೆ, ಬೈದರೆ ಬೈಸಿಕೊಳ್ಳುತ್ತಾನೆ. ಆ ಸಲುಗೆಯಲ್ಲೇ ಹೇಳುತ್ತೇನೆ, ಅವನಷ್ಟು ಪುಕ್ಕಲನನ್ನು ನಾನು ಕಂಡಿಲ್ಲ. ಯಂತ್ರದ ಸೂಜಿ ಮುರಿದರೆ ಬೆಚ್ಚಿಬೀಳುತ್ತಾನೆ. ಮಗಳು ಅಭ್ಯಾಸ ಮುಗಿಸಿ ಬರುವುದು ಹತ್ತು ನಿಮಿಷ ತಡವಾದರೆ ಬಾಗಿಲಿಗೂ ಮೇಜಿಗೂ ನಡೆದು ನಡೆದು ನನ್ನ ತಲೆ ತಿರುಗಿಸುತ್ತಾನೆ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಇರುವವಳು ಆ ಮಗಳೊಬ್ಬಳೇ. ಅವಳು ಊರಿನ ಮಹಿಳಾ ಫುಟ್‌ಬಾಲ್ ಲೀಗಿನಲ್ಲಿ ಕೆಂಪು ತಂಡಕ್ಕೆ ಆಡುತ್ತಾಳೆ, ಒಂಬತ್ತನೇ ನಂಬರು, ಗೋಲು ಹೊಡೆಯುವವಳು.

ಅವಳು ಚಿಕ್ಕವಳಿದ್ದಾಗ ಹಟ ಮಾಡಿ ಒಂದು ಫುಟ್‌ಬಾಲ್ ವಿಡಿಯೋ ಗೇಮು ತರಿಸಿಕೊಂಡಿದ್ದಳು. ಅವಳು ನಿಜವಾದ ಮೈದಾನ ಹಿಡಿದ ಮೇಲೆ ಅದು ಅಪ್ಪನ ಪಾಲಾಯಿತು. ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ಹಳೆಯ ಟೀವಿಯೊಂದನ್ನು ಇಟ್ಟುಕೊಂಡು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಆಡಿಸುತ್ತಿದ್ದ. ಆಡುತ್ತಿರಲಿಲ್ಲ, ಆಡಿಸುತ್ತಿದ್ದ. ಎರಡೂ ತಂಡಗಳನ್ನು ಗೇಮಿಗೇ ಬಿಟ್ಟು, ತಾನು ಕೈಕಟ್ಟಿ ಕೂತು ನೋಡುವುದು.

ಆ ಗೇಮಿನಲ್ಲಿ ಬೇಕಾದ ಆಟಗಾರರನ್ನು ನಾವೇ ಮಾಡಿಕೊಳ್ಳಬಹುದು. ಎತ್ತರ, ತೂಕ, ವೇಗ, ದಮ್ಮು, ಗಾಯ ತಡೆಯುವ ಶಕ್ತಿ, ಹೀಗೆ ಎಲ್ಲದಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ತುಂಬಬೇಕು. ಲೀಗಿನ ಎಂಟೂ ತಂಡಗಳಿಗೆ ಜೆರ್ಸಿ, ಚಡ್ಡಿ ಹೊಲಿಯುವವನು ಟೇಪಣ್ಣನೇ. ಹುಡುಗಿಯರ ಅಳತೆ ತೆಗೆಯುವುದು ನನ್ನ ಕೆಲಸ. ಪರದೆಯ ಒಳಗಿನಿಂದ ನಾನು ಕೂಗುತ್ತೇನೆ, ಹೊರಗೆ ಅವನು ಬರೆದುಕೊಳ್ಳುತ್ತಾನೆ. ಪುಸ್ತಕದಲ್ಲಿ ಹೆಸರಿರುವುದಿಲ್ಲ, ಜೆರ್ಸಿಯ ಬಣ್ಣ ಮತ್ತು ನಂಬರು ಮಾತ್ರ. ಆ ಪುಸ್ತಕ ಮುಂದಿಟ್ಟುಕೊಂಡೇ ಅವನು ನೂರಿಪ್ಪತ್ತು ಹುಡುಗಿಯರನ್ನು ಗೇಮಿನೊಳಗೆ ತಂದಿದ್ದ. ತೋಳು ಎಷ್ಟುದ್ದ, ಮೀನಖಂಡ ಎಷ್ಟು ದಪ್ಪ ಎಂದು ಗೊತ್ತಿದ್ದವನಿಗೆ ಯಾರು ಎಷ್ಟು ಓಡಬಲ್ಲರು ಎಂದು ಅಂದಾಜು ಮಾಡುವುದು ಏನು ಕಷ್ಟ?

ಪಂದ್ಯಕ್ಕೆ ಎರಡು ದಿನ ಮೊದಲು ಗೇಮಿನಲ್ಲಿ ಆಡಿಸಿ, ಬಂದ ಫಲಿತಾಂಶವನ್ನು ಗುರುತು ಹಾಕುವ ಸೀಮೆಸುಣ್ಣದಲ್ಲಿ ಅಂಗಡಿಯ ಬಾಗಿಲ ಮೇಲೆ ಬರೆಯುತ್ತಿದ್ದ. ಹದಿನಾಲ್ಕು ಪಂದ್ಯಗಳಲ್ಲಿ ಹನ್ನೊಂದು ಹಾಗೇ ಆಯಿತು. "ಹೊಲಿಗೆ ಬಿಟ್ಟು ಭವಿಷ್ಯದ ಬೋರ್ಡು ಹಾಕು" ಎಂದು ನಾನು ಗೇಲಿ ಮಾಡುತ್ತಿದ್ದೆ. ಆಮೇಲೆ ಒಂದು ವಾರ ಹಳದಿ ತಂಡದ ಗೋಲ್‌ಕೀಪರ್ ಗೇಮಿನಲ್ಲಿ ಪೆಟ್ಟಾಗಿ ಹೊರಗೆ ಹೋದಳು. ಭಾನುವಾರ ಮೈದಾನದಲ್ಲಿ ಅವಳ ಭುಜದ ಕೀಲು ಜಾರಿತು. ಅವತ್ತಿನಿಂದ ನನ್ನ ಗೇಲಿ ನಿಂತಿತು. ಸುಳ್ಳು ಯಾಕೆ ಹೇಳಲಿ, ಆ ಪರದೆಯ ಹಿಂದೆ ಹೋಗುವುದಕ್ಕೇ ಅಂಜಿಕೆಯಾಗುತ್ತಿತ್ತು.

ಕೆಂಪು ತಂಡ ಫೈನಲ್ಲಿಗೆ ಬಂತು, ಎದುರಿಗೆ ಹಸಿರು. ದೊಡ್ಡ ತಂಡದ ಆಯ್ಕೆಗಾರರು ನೋಡಲು ಬರುತ್ತಾರೆ, ಅದೂ ಮುಖ್ಯವಾಗಿ ಒಂಬತ್ತನೇ ನಂಬರಿನವಳನ್ನು ನೋಡಲು ಎಂದು ಕೋಚ್ ಹೇಳಿದ್ದರು. ಶುಕ್ರವಾರ ಮಧ್ಯಾಹ್ನ ಟೇಪಣ್ಣ ಪರದೆಯ ಹಿಂದೆ ಹೋದ. ಅರ್ಧ ಗಂಟೆಯಾದರೂ ಸದ್ದಿಲ್ಲ.

"ಅಕ್ಕ, ಸ್ವಲ್ಪ ಬಾ ಇಲ್ಲಿ" ಎಂದು ಕರೆದ ದನಿಗೇ ನಾನು ಕೈಯಲ್ಲಿದ್ದ ಗುಂಡಿ ಬಿಟ್ಟು ಪರದೆಯ ಹಿಂದೆ ಹೋದೆ.

ಟೀವಿಯಲ್ಲಿ ಕೆಂಪು ಅಂಗಿಯ ಒಂಬತ್ತು ಹುಲ್ಲಿನ ಮೇಲೆ ಬಿದ್ದಿದ್ದಳು. ಯಾರೂ ತಾಗಿರಲಿಲ್ಲ. ತಿರುಗಿದಳಂತೆ, ಬಿದ್ದಳಂತೆ. ಪಕ್ಕದಲ್ಲಿ ಕೆಂಪು ಶಿಲುಬೆಯ ಚಿಹ್ನೆ ಮಿನುಗುತ್ತಿತ್ತು.

"ಗೊಂಬೆ ಬಿತ್ತು ಅಂತ ಹೆದರ್ತಾರಾ? ಇನ್ನೊಂದು ಸಲ ಆಡಿಸು" ಎಂದೆ.

ಆಡಿಸಿದ. ಬಿದ್ದಳು. ಮತ್ತೆ ಆಡಿಸಿದ. ಎಂಟು ಸಲ ಆಡಿಸಿದ, ಆರು ಸಲ ಬಿದ್ದಳು. ಪ್ರತಿ ಸಲವೂ ಓಡುತ್ತಾ ತಿರುಗುವಾಗಲೇ. ಕೊನೆಯ ಸಲ ನಾನೇ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಯಾರು ಯಾರಿಗೆ ಧೈರ್ಯ ಹೇಳುತ್ತಿದ್ದೆವೋ ದೇವರಿಗೇ ಗೊತ್ತು.

ಸಂಜೆ ಬಾಗಿಲ ಮೇಲೆ ಏನೂ ಬರೆಯಲಿಲ್ಲ. ದಾರಿಹೋಕರು "ಏನು ಟೇಪಣ್ಣ, ಫೈನಲ್ ಏನಾಗುತ್ತೆ?" ಎಂದು ಕೇಳಿದರೆ ಅವನ ಬಾಯಿಗೆ ಬೀಗ. ಮಗಳು ಬಂದು ಊಟ ಮಾಡುತ್ತಾ ಕೇಳಿದಾಗ "ಗೇಮು ಕೆಟ್ಟಿದೆ" ಎಂದ. ತನಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದೂ ಅವನಿಗೆ ಗೊತ್ತಿಲ್ಲ.

ಶನಿವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಟೀವಿ ಹಾಕಿ ಕೂತಿದ್ದ. ಅವನ ಯೋಚನೆ ಏನೆಂದರೆ, ಮಗಳ ಅಂಕಗಳನ್ನೆಲ್ಲ ಹೆಚ್ಚಿಸಿಬಿಡುವುದು, ಆಗ ಬೀಳುವುದಿಲ್ಲ. ಗೇಮಿನಲ್ಲಿ ಬೀಳದಿದ್ದರೆ ಮೈದಾನದಲ್ಲೂ ಬೀಳುವುದಿಲ್ಲ ಎಂದು ನಂಬುವ ಮಟ್ಟಕ್ಕೆ ಹೆದರಿಕೆ ಅವನ ಬುದ್ಧಿಯನ್ನು ತಿಂದುಹಾಕಿತ್ತು. ಅವಳ ಪುಟ ತೆಗೆದ. ವೇಗ ಎಂಬತ್ತೆಂಟು, ದಮ್ಮು ಎಂಬತ್ತು. ಗಾಯ ತಡೆಯುವ ಶಕ್ತಿ ಮೂವತ್ತೊಂದು.

"ಇದನ್ನ ಯಾರು ಮುಟ್ಟಿದ್ದು?" ಎಂದು ನನ್ನ ಕಡೆ ತಿರುಗಿದ. "ಎಲ್ಲರಿಗೂ ಎಪ್ಪತ್ತರ ಮೇಲೇ ಹಾಕಿದ್ದೀನಿ."

"ನಾನು ಆ ಪೆಟ್ಟಿಗೆ ಮುಟ್ತೀನಾ? ಮುಟ್ಟೋನು ನೀನೊಬ್ಬನೇ. ಪುಸ್ತಕ ನೋಡು."

ಪುಸ್ತಕ ತೆಗೆದ. ಆರು ವಾರದ ಹಿಂದೆ ಕೆಂಪು ತಂಡಕ್ಕೆ ಹೊಸ ಚಡ್ಡಿ ಹೊಲಿದ ದಿನದ ಪುಟ. ಯಾರ ಎರಡು ಕಾಲೂ ಒಂದೇ ಸಮ ಇರುವುದಿಲ್ಲ ಎಂದು ಎರಡನ್ನೂ ಬೇರೆ ಬೇರೆ ಅಳೆಸುವುದು ಅವನ ಪದ್ಧತಿ. ಸಾಮಾನ್ಯವಾಗಿ ಕಾಲಂಗುಲ ಹೆಚ್ಚುಕಡಿಮೆ ಬರುತ್ತದೆ. ಅಲ್ಲಿ ಅವನದೇ ಅಕ್ಷರದಲ್ಲಿ ಇತ್ತು: ಕೆಂಪು ೯, ಬಲತೊಡೆ ಇಪ್ಪತ್ತು, ಎಡತೊಡೆ ಹದಿನೆಂಟೂವರೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, "ಎಡಗಡೆ ಬಟ್ಟೆ ಒಳಗೆ ಹಿಡಿ, ವ್ಯತ್ಯಾಸ ಗೊತ್ತಾಗಬಾರದು."

ಗಿರಾಕಿಯ ಮೈಯಲ್ಲಿ ಏನೇ ಐಬು ಕಂಡರೂ ಬಾಯಿಬಿಡದೆ ಬಟ್ಟೆಯಲ್ಲಿ ಸರಿಮಾಡಿಕೊಡುವುದು ಒಳ್ಳೆಯ ದರ್ಜಿಯ ಲಕ್ಷಣ. ಗೂನು ಬೆನ್ನನ್ನು ಅವನು ಎಷ್ಟೋ ಸಲ ನೆಟ್ಟಗೆ ಮಾಡಿ ಕಳಿಸಿದ್ದಾನೆ. ಅವತ್ತೂ ಅದನ್ನೇ ಮಾಡಿದ್ದ. ಆಮೇಲೆ ಫೈನಲ್ಲಿಗೆ ಮೊದಲು ಪುಸ್ತಕ ನೋಡಿ ಎಲ್ಲರ ಅಂಕಗಳನ್ನೂ ಗೇಮಿಗೆ ಹೊಸದಾಗಿ ತುಂಬುವಾಗ, ಒಂದು ಕಾಲು ಇಷ್ಟು ಸೊರಗಿದ್ದರೆ ಈ ಹುಡುಗಿ ಬೇಗ ಬೀಳುತ್ತಾಳೆ ಎಂದು ಮೂವತ್ತೊಂದು ಒತ್ತಿದ್ದ. ಕೆಂಪು ಒಂಬತ್ತು ಎಂದರೆ ತನ್ನ ಮಗಳು ಎಂಬುದು ನೂರಿಪ್ಪತ್ತು ನಂಬರುಗಳ ನಡುವೆ ಅವನ ತಲೆಗೆ ಹೋಗಿರಲಿಲ್ಲ.

ಹಾಗಾದರೆ ನಾನು? ಆ ಹದಿನೆಂಟೂವರೆಯನ್ನು ನನ್ನ ಬಾಯಿಂದಲೇ ಕೂಗಿ ಹೇಳಿದ್ದೆ. ಆ ಮಗುವನ್ನು ಎತ್ತಿ ಆಡಿಸಿದ ಕೈಯಲ್ಲೇ ಟೇಪು ಸುತ್ತಿದ್ದೆ. ಗೇಮಿನಲ್ಲಿ ಯಾವ ಮಾಯೆಯೂ ಇರಲಿಲ್ಲ. ನಾವಿಬ್ಬರೂ ಕಂಡದ್ದನ್ನೇ ಅದು ನಮಗೆ ತಿರುಗಿ ತೋರಿಸಿತ್ತು. ಮಾಯೆಯೇ ಆಗಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಹತ್ತು ಗಂಟೆಗೆ ಮಗಳು ಅಂಗಡಿಗೆ ಬಂದಳು. ಟೇಪಣ್ಣ ಕೊರಳಿನ ಟೇಪು ತೆಗೆದು ನನ್ನ ಕೈಗೆ ಕೊಟ್ಟ. ಅವಳು ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ತೆರೆದಿಟ್ಟ ಪುಸ್ತಕ ನೋಡಿದಳು.

"ಅಳೀಬೇಡ ದೊಡ್ಡಮ್ಮ" ಎಂದು ಸ್ಟೂಲಿನ ಮೇಲೆ ಕೂತಳು. "ಎರಡು ತಿಂಗಳಾಯ್ತು. ಅಭ್ಯಾಸದಲ್ಲಿ ತಿರುಗುವಾಗ ಮಂಡಿ ಒಳಗೆ ಟಕ್ ಅಂತು. ಊದಿತ್ತು, ಇಳೀತು. ಪಟ್ಟಿ ಸುತ್ಕೊಂಡು ಆಡ್ತಿದ್ದೀನಿ."

"ಡಾಕ್ಟರ್‌ಗೆ ತೋರಿಸಿದ್ಯಾ?" ಎಂದು ಕೇಳಿದ ಟೇಪಣ್ಣ.

"ತೋರಿಸಿದ್ರೆ ಆಡಬೇಡ ಅಂತಾರೆ. ನಾಳೆ ಒಂದು ದಿನ ಅಪ್ಪ. ಅವರು ಬರೋದು ನಾಳೆ ಒಂದೇ ದಿನ. ಸೋಮವಾರ ನೀನು ಎಲ್ಲಿ ಕರೆದ್ರೂ ಬರ್ತೀನಿ."

"ಗೇಮಿನಲ್ಲಿ ಎಂಟು ಸಲ ಆಡಿಸ್ದೆ. ಆರು ಸಲ ಬಿದ್ದೆ ನೀನು."

"ಹಾಗಾದ್ರೆ ಎರಡು ಸಲ ಬೀಳಲಿಲ್ಲ" ಎಂದಳು. "ನನಗೆ ಅಷ್ಟು ಸಾಕು."

ಅಷ್ಟರಲ್ಲಿ ಕೋಚ್ ಜೆರ್ಸಿಗಳ ಗಂಟು ಒಯ್ಯಲು ಬಂದರು. ಬಾಗಿಲಲ್ಲಿ ಬರಹವಿಲ್ಲದ್ದು ನೋಡಿ "ಯಾಕೆ, ನಾವು ಸೋಲ್ತೀವಾ?" ಎಂದು ನಕ್ಕರು. ಮಗಳು ಅಪ್ಪನನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೇಡ, ಬೇಡ ಎಂದು ಅವಳ ಕಣ್ಣು ಬೇಡುತ್ತಿತ್ತು. ಟೇಪಣ್ಣ ಪುಸ್ತಕವನ್ನು ಕೋಚ್ ಕೈಗಿಟ್ಟು, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಜೀವಮಾನದಲ್ಲಿ ಒಬ್ಬ ಗಿರಾಕಿಯ ಅಳತೆಯನ್ನು ಇನ್ನೊಬ್ಬರಿಗೆ ತೋರಿಸಿದ್ದು ಅದೇ ಮೊದಲು.

ಅವತ್ತು ಅವಳು ಅಪ್ಪನ ಜೊತೆ ಮಾತಾಡಲಿಲ್ಲ.

ಭಾನುವಾರ ಅವಳನ್ನು ಮೈದಾನದ ಅಂಚಿನ ಬೆಂಚಿನಲ್ಲಿ ಕೂರಿಸಿದರು. ಹಿಂದಿನ ಸಾಲಿನಲ್ಲಿ ನಾವಿಬ್ಬರು. ಕೆಂಪು ತಂಡ ಎರಡು ಗೋಲಿನಿಂದ ಸೋತಿತು. ಆಯ್ಕೆಗಾರರು ಹಸಿರು ತಂಡದ ಇಬ್ಬರ ಹೆಸರು ಬರೆದುಕೊಂಡು ಹೊರಟರು. ಅವರ ಕಾರು ಗೇಟು ದಾಟುವವರೆಗೂ ಅವಳು ಅತ್ತಲೇ ನೋಡುತ್ತಿದ್ದಳು. ಜನ ಕರಗಿದ ಮೇಲೆ ತಿರುಗದೆಯೇ ಕೇಳಿದಳು.

"ಆಡಿದ್ರೆ ಬೀಳ್ತಿದ್ನಾ ಅಪ್ಪ?"

"ಗೊತ್ತಿಲ್ಲಮ್ಮ."

"ಮತ್ತೆ ಯಾಕೆ ಹೇಳ್ದೆ?"

"ಹೆದರಿಕೆ ಆಯ್ತು" ಎಂದ ಟೇಪಣ್ಣ. "ಬೇರೆ ಏನೂ ಇಲ್ಲ. ಹೆದರಿಕೆ ಆಯ್ತು."

ಅವಳು ಎದ್ದಳು. ಎಂದಿನಂತೆ ಎರಡು ಹೆಜ್ಜೆ ನೆಟ್ಟಗೆ ಇಟ್ಟಳು. ಮೂರನೆಯದಕ್ಕೆ ನಿಂತು, ಇನ್ನು ಯಾರಿಗೋಸ್ಕರ ಎಂದುಕೊಂಡಳೋ ಏನೋ, ಕುಂಟದೆ ನಡೆಯುವ ಆ ಪ್ರಯತ್ನವನ್ನೇ ಬಿಟ್ಟುಬಿಟ್ಟಳು. ಎಡಗಾಲು ನೆಲಕ್ಕೆ ಊರಲೇ ಇಲ್ಲ. ಟೇಪಣ್ಣ ಓಡಿಹೋಗಿ ಭುಜ ಕೊಟ್ಟ, ಅವಳು ಅದರ ಮೇಲೆ ಪೂರ್ತಿ ಭಾರ ಹಾಕಿದಳು. ಬೆಂಚಿನಿಂದ ಗೇಟಿಗೆ ನೂರು ಹೆಜ್ಜೆಯೂ ಇಲ್ಲ, ಅಷ್ಟರಲ್ಲಿ ನಾಲ್ಕು ಸಲ ನಿಂತರು. ಈ ಕಾಲಿನಲ್ಲಿ ಅವಳು ಎರಡು ತಿಂಗಳು ನಮ್ಮ ಕಣ್ಣೆದುರಿಗೇ ಓಡಿದ್ದಳು. ಹಿಂದೆ ಅವಳ ಚೀಲ ಹಿಡಿದು ಬರುತ್ತಿದ್ದ ನನಗೆ, ಆ ನಡಿಗೆ ನೋಡಿ, ಎಲ್ಲ ಮುಗಿದ ಮೇಲೆ ಮೈ ನಡುಗಲು ಶುರುವಾಯಿತು.