ಮಾವ ಒಲ್ಲೆನೆಂದ ಶಿಂದಿ

ಗೆಳೆಯರೇ, ಇವತ್ತು ನನ್ನ ತಂಗಿಯ ನಿಶ್ಚಿತಾರ್ಥ ಮುರಿಯುವುದರಲ್ಲಿತ್ತು. ಯಾರೋ ಕುಡಿದು ಗಲಾಟೆ ಮಾಡಿದ್ದಕ್ಕಲ್ಲ, ಕುಡಿಯದೆ ಕುಳಿತಿದ್ದಕ್ಕೆ.

ಬೀಗರು ತಂದ ಈಚಲ ಮರದ ಶಿಂದಿಯನ್ನು ಹೆಣ್ಣಿನ ಸೋದರಮಾವ ಮೊದಲು ಕುಡಿದರೇನೇ ನಮ್ಮಲ್ಲಿ ಮಾತು ಗಟ್ಟಿ. ನಮ್ಮ ಮಾವನೋ ಸುರಪುರದಲ್ಲಿ ನಿಜಾಮ ಸರ್ಕಾರದ ಕಚೇರಿಯ ಜವಾನ. ಸೊಂಟಕ್ಕೆ ಸರ್ಕಾರಿ ಪಟ್ಟಿ ಬಂದಾಗಿನಿಂದ ಶಿಂದಿ ಅವನಿಗೆ ಕೀಳು.

"ನಾ ನೌಕರಿಯವ, ಇದನ್ನ ಮುಟ್ಟಂಗಿಲ್ಲ," ಎಂದ.

ಗೋಗಿಯಿಂದ ಬಂದ ಬೀಗರು ಎದ್ದೇಬಿಟ್ಟರು. "ನಮ್ಮ ಶಿಂದಿ ಒಲ್ಲಂದ್ರ ನಮ್ಮ ಹುಡುಗನ್ನೂ ಒಲ್ಲಂದಂಗ ಆತು. ನಡೀರಿ, ಬಂಡಿ ಹೂಡ್ರಿ."

ತಂಗಿ ಒಳಗೆ ಅಳತೊಡಗಿದಳು. ಮಾವನ ತಾಯಿ, ನಮ್ಮಜ್ಜಿ, ಶಿಂದಿಯ ಮಡಕೆ ಎತ್ತಿಕೊಂಡು ಮಗನ ಮುಂದೆ ಬಂದು ಕುಳಿತಳು.

"ಬಾಯಿಗಿ ಬ್ಯಾಡಪ್ಪಾ, ಮೀಸಿಗಿ ಹಚ್ಚಿಕೋ. ಶಾಸ್ತ್ರ ಮುಗೀತು."

ಮಾವ ಎರಡು ಬೆರಳು ಅದ್ದಿ ಮೀಸೆ ತೀಡಿದ. ಬೀಗರು ನಗುತ್ತ ಕುಳಿತರು, ಎಲೆ ಅಡಿಕೆ ಹಂಚಿದೆವು.

ಊಟದ ಹೊತ್ತಿಗೆ ನೋಡಿದರೆ ಮಾವ ಮಡಕೆಯ ಪಕ್ಕದಲ್ಲೇ ಇದ್ದಾನೆ. ಈ ಸಲ ಬೊಗಸೆ ತುಂಬ ತುಂಬಿಕೊಂಡು ಮೀಸೆಗೆ ಒಯ್ಯುತ್ತಿದ್ದಾನೆ.

"ಮೀಸಿ ಒಣಗ್ಯಾವ, ಯವ್ವಾ," ಎಂದ.

ಈಗ ಕಟ್ಟೆಗೆ ಒರಗಿ ಹಾಡುತ್ತಿದ್ದಾನೆ. ನಾಳೆ ಕಚೇರಿಯವರು ಕೇಳಿದರೆ ನಾವೆಲ್ಲ ಸಾಕ್ಷಿ: ಸರ್ಕಾರಿ ನೌಕರ ಒಂದು ಹನಿಯೂ ಮುಟ್ಟಿಲ್ಲ, ಕುಡಿದದ್ದೆಲ್ಲ ಮೀಸೆ.