ಉಪ್ಪುಮೂಟೆ ವಿಮಾನ

೧೪ ಆಗಸ್ಟ್ ೧೯೭೭, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬರೆಯಲು ಕೂತಿದ್ದೇನೆ, ನಗು ನಿಲ್ಲುತ್ತಿಲ್ಲ. ಪೇಪರಿನಲ್ಲಿ ಒಂದು ಚಿತ್ರ ಬಂದಿದೆ: ದೊಡ್ಡ ವಿಮಾನದ ಬೆನ್ನ ಮೇಲೆ ಸಣ್ಣದೊಂದು ವಿಮಾನ. ಅಮೆರಿಕದವರು ಅದನ್ನು ಆಕಾಶದಲ್ಲಿ ಬಿಟ್ಟರಂತೆ, ಅದು ಇಂಜಿನ್ನಿಲ್ಲದೆ ತೇಲಿಕೊಂಡು ನೆಲಕ್ಕಿಳಿಯಿತಂತೆ. ಮುಂದೆ ಜನ ಇಂಥದರಲ್ಲೇ ಬಾಹ್ಯಾಕಾಶಕ್ಕೆ ಹೋಗಿ ಬಂದು, ಮತ್ತೆ ಅದರಲ್ಲೇ ಹೋಗುತ್ತಾರಂತೆ.

ತಂಗಿ ಪುಟ್ಟಿ ಬಗ್ಗಿ ನೋಡಿ, "ಅಯ್ಯೋ, ಇದು ನಮ್ ಮಾವಂದು!" ಎಂದಳು.

ಮಾವ ಎಂದರೆ ಅಮ್ಮನ ತಮ್ಮ, ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯಲ್ಲಿ ಬೇಸಾಯ. ಆಷಾಢದ ಗಾಳಿ ಎದ್ದಿತೆಂದರೆ ಅವನಿಗೆ ಹೊಲವೂ ಮರೆತುಹೋಗುತ್ತಿತ್ತು, ಅತ್ತೆಯೂ ಮರೆತುಹೋಗುತ್ತಿದ್ದಳು, ಗಾಳಿಪಟವೊಂದೇ ನೆನಪು. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ ಊರಿಗೆಲ್ಲ ಸಂಭ್ರಮ, ಮಾವನಿಗೆ ಸಿಟ್ಟು.

"ಅಷ್ಟುದ್ದ ರಾಕೆಟ್ಟಲ್ಲಿ ತುದೀಲಿರೋ ಕುಡಿಕೆ ಒಂದೇ ಅಂತೆ ಕಣೋ ವಾಪಸ್ ಬರೋದು! ದೊಡ್ಡಬಳ್ಳಾಪುರಕ್ಕೆ ಹೋಗಿ, ಬಸ್ಸನ್ನ ಕೆರೆಗೆ ತಳ್ಬಿಟ್ಟು, ಡ್ರೈವರ್ ಸೀಟೊಂದನ್ನೇ ಮನೆಗೆ ತರ್ತೀವೇನೋ?"

ಯಾವುದೋ ಪತ್ರಿಕೆಯಲ್ಲಿ ಅವನೊಂದು ಚಿತ್ರ ನೋಡಿದ್ದ. ದೊಡ್ಡ ವಿಮಾನ ಸಣ್ಣದನ್ನು ಹೊತ್ತು ಮೇಲೆ ಬಿಟ್ಟು ಬರುವುದು. ಸಣ್ಣದು ಕೆಲಸ ಮುಗಿಸಿ ತಾನೇ ಬರುವುದು. ನೀವೂ ಚಿಕ್ಕಂದಿನಲ್ಲಿ ಯಾರದೋ ಬೆನ್ನೇರಿ "ಉಪ್ಪು ಬೇಕೇ ಉಪ್ಪು" ಎಂದು ಕೂಗಿರುತ್ತೀರಿ. ಅದೇ ಉಪ್ಪುಮೂಟೆ!

ಸರಿ, ಬಾಗಿಲಗಲದ ಗಾಳಿಪಟ ತಯಾರಾಯಿತು. ಅದರ ಬೆನ್ನಿಗೆ ಲಗ್ನಪತ್ರಿಕೆ ಮಡಿಸಿ ಮಾಡಿದ ವಿಮಾನ, ವಿಮಾನದ ಹೊಟ್ಟೆಗೆ ಬೆಂಕಿಪೊಟ್ಟಣ. ಇನ್ನೊಂದು ದಾರ ಜಗ್ಗಿದರೆ ವಿಮಾನ ಕಳಚಿಕೊಳ್ಳಬೇಕು. ಪ್ರಯಾಣಿಕರೊಬ್ಬರು ಬೇಕಿತ್ತು. ಪುಟ್ಟಿಯ ಬಳಿ ಹಸಿರಾಗಿ ಮಿರುಗುವ ಜೀರಂಗಿ ಹುಳು ಇತ್ತು. ಜಾಲಿ ಸೊಪ್ಪು ಹಾಕಿ ಪ್ರಾಣದ ಹಾಗೆ ಸಾಕಿದ್ದಳು.

"ಕೊಡೇ ಪುಟ್ಟಿ, ಒಂದ್ಸಲ ಹೋಗ್ಲಿ."

"ಬರೋದಾದ್ರೆ ಹೋಗ್ಲಿ," ಎಂದಳು ಆಗಿನ್ನೂ ಆರು ವರ್ಷದ ಪುಟ್ಟಿ. "ಬರ್ಲಿಲ್ಲ ಅಂದ್ರೆ ನಿನ್ ಜೊತೆ ಮಾತೇ ಆಡಲ್ಲ ಮಾವ."

ಸೊಪ್ಪಿನ ಜೊತೆ ಜೀರಂಗಿ ಪೊಟ್ಟಣ ಸೇರಿತು. ಕೆರೆ ಏರಿಯ ಮೇಲೆ ಗಾಳಿಪಟ ಎದ್ದಿತು ನೋಡಿ! ಮಾವ ದಾರ ಜಗ್ಗಿದ. ವಿಮಾನ ಕಳಚಿತು, ಎರಡು ಸುತ್ತು ಹಾಕಿತು, ರಾಗಿ ಹೊಲದಲ್ಲಿ ಮೆತ್ತಗೆ ಕೂತಿತು. ನಾವು ಕುಣಿಯುತ್ತ ಓಡಿದೆವು. ಪೊಟ್ಟಣ ಅರೆ ತೆರೆದಿತ್ತು. ಒಳಗೆ ಸೊಪ್ಪು ಮಾತ್ರ.

ಪುಟ್ಟಿಯ ತುಟಿ ಅದುರಿತು. ಮಾವ ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ, ಒಂದೊಂದೇ ರಾಗಿ ಪೈರು ಸರಿಸುತ್ತ, "ಬಾರಮ್ಮಾ, ಬಾ ನನ್ ತಾಯಿ" ಎಂದು ಹುಳುವನ್ನು ಕರೆಯತೊಡಗಿದ. ಆಗ ಪುಟ್ಟಿ ಕಿರುಚಿದಳು:

"ಮಾವಾ, ಅಲ್ಲಾಡ್ಬೇಡ! ನಿನ್ ಬೆನ್ ಮೇಲೆ!"

ಬಿಳಿ ಅಂಗಿಯ ನಡುಬೆನ್ನಿನಲ್ಲಿ ಜೀರಂಗಿ, ಉಪ್ಪುಮೂಟೆಯ ಹಾಗೆ ಕೂತು ಮಿರುಗುತ್ತಿತ್ತು. ಮಾವ ಅದನ್ನು ಹೊತ್ತು, ಬಗ್ಗಿದವನು ಬಗ್ಗಿದ ಹಾಗೇ, ಊರೆಲ್ಲ ನೋಡುವಂತೆ ಮನೆಯವರೆಗೂ ನಡೆದ.

ಅಂದು ರಾತ್ರಿ ನನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟೆ: ವಿಮಾನ ವಾಪಸ್, ಒಂದು. ಪ್ರಯಾಣಿಕರು ವಾಪಸ್, ಒಂದು. ಜೊತೆಯಾಗಿ ಬಂದದ್ದು, ಸೊನ್ನೆ. ಜೀರಂಗಿ ಮೇಲೆ ಹೋಗಿ ಹಾರಿ ಬಂದಿತೋ, ಗಾಳಿಪಟ ಏಳುವ ಮೊದಲೇ ಇಳಿದು ಮಾವನ ಬೆನ್ನು ಸೇರಿತ್ತೋ? ಅಲ್ಲೊಂದು ಪ್ರಶ್ನೆಚಿಹ್ನೆ ಹಾಕಿದ್ದೆ.

ಈಗ ಪುಟ್ಟಿ ಆ ಹಳೆಯ ಪುಸ್ತಕ ತೆಗೆದು, ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಆ ಚಿಹ್ನೆ ಹೊಡೆದುಹಾಕಿ, "ಹೋಗಿ ಬಂತು" ಎಂದು ಬರೆದಿದ್ದಾಳೆ. ಲೆಕ್ಕದ ಮನುಷ್ಯ ನಾನು, ಆದರೂ ಅಳಿಸಲು ಮನಸ್ಸು ಬರಲಿಲ್ಲ. ಅಷ್ಟೆತ್ತರದಿಂದ ಜೀರಂಗಿ ಹಾರಿ ಬಂದು ಗುರುತಿನವರ ಬೆನ್ನು ಹುಡುಕಿಕೊಳ್ಳಬಲ್ಲದೇ? ಬಲ್ಲವರು ದಯವಿಟ್ಟು ಕಾಗದ ಬರೆಯಿರಿ. ಇಲ್ಲ ಎನ್ನುವವರು ಲಕೋಟೆಗೆ ಹಾಕಿ ಚೆನ್ನಾಗಿ ಅಂಟಿಸಿ. ನಮ್ಮ ಮನೆಯಲ್ಲಿ ಕಾರ್ಡುಗಳನ್ನು ಮೊದಲು ಓದುವವಳು ಪುಟ್ಟಿ.