ಕ್ಯಾಪ್ಟನ್ ಗೌಡರ ಸಂಜೆ ಹಾಜರಿ

ಆಗೆಲ್ಲ ಹೊಂಗಡಹಳ್ಳದ ಕಡೆ ಕಾಫಿ ಕೊಯ್ಲು ಶುರುವಾಯಿತೆಂದರೆ ನಮಗೆ ಶಾಲೆ ಎರಡನೆಯ ಮಾತು. ಕಣದ ತುಂಬ ಹರಡಿದ ಹಣ್ಣಿನ ಹುಳಿ ವಾಸನೆ, ಒಲೆ ಮುಂದೆ ಕೂತು ತಿನ್ನುವ ಬಿಸಿ ಅಕ್ಕಿರೊಟ್ಟಿ, ಮೂಟೆಗಳ ಸಂದಿಯಲ್ಲಿ ಕಣ್ಣಾಮುಚ್ಚಾಲೆ. ನಿಮಗೂ ಇಂಥದ್ದೊಂದು ಕಾಲ ಇದ್ದೀತು. ನನ್ನ ಪಾಲಿನ ಕಾಲದಲ್ಲಿ ಒಬ್ಬ ಹಡಗಿನ ಕ್ಯಾಪ್ಟನ್ ಇದ್ದರು.

ಅವರ ಎಸ್ಟೇಟಿನಲ್ಲಿ ನಮ್ಮಪ್ಪ ಲೆಕ್ಕ, ಹಾಜರಿ ಬರೆಯುವ ರೈಟರ್. ಕ್ಯಾಪ್ಟನ್ ಗೌಡರು ನಮ್ಮೂರಿನವರೇ. ನೌಕಾಪಡೆ ಸೇರಿ, ಯುದ್ಧ ಮಾಡಿ, ಪದಕ ಪಡೆದು, ತಲೆ ನೆರೆತ ಮೇಲೆ ಅಪ್ಪನ ತೋಟಕ್ಕೆ ಮರಳಿದ್ದರು. ಯುದ್ಧದಲ್ಲಿ ಏನು ಮಾಡಿದಿರಿ ಎಂದು ಕೇಳಿದರೆ ‘ಕೆಲಸ ಮಾಡ್ದೆ’ ಎನ್ನುವರು, ಅಷ್ಟೇ. ಹಾಗಾಗಿ ಹಡಗಿನಲ್ಲಿ ಸೌಟು ತಿರುವಿಕೊಂಡಿದ್ದಿರಬೇಕು ಎಂದು ಊರು ನಗುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಜನ ನಗುವುದಕ್ಕೆ ಇನ್ನೊಂದು ಕಾರಣವೂ ಇತ್ತು, ಸಂಜೆ ಹಾಜರಿ. ಬೇರೆ ತೋಟಗಳಲ್ಲಿ ಬೆಳಿಗ್ಗೆ ಹೆಸರು ಕೂಗಿದರೆ ಮುಗಿಯಿತು. ನಮ್ಮಲ್ಲಿ ಸಂಜೆಯೂ ಕೂಗಬೇಕು. ಅದಾಗದೆ, ಕೊಯ್ಯುವವರನ್ನು ಅವರ ಲೈನು ಮನೆಗಳಿಗೆ ಒಯ್ಯುವ ಟ್ರ್ಯಾಕ್ಟರ್ ಹೊರಡುವಂತಿಲ್ಲ. ಆನೆ ಇಳಿಯುವ ತೋಟ ಅದು. ಆದರೂ ದಣಿದು ಬಂದ ಹೆಂಗಸರಿಗೆ ಅದೊಂದು ಕಾಟ. ಅದಕ್ಕೆ ಅವರೇ ಒಂದು ಉಪಾಯ ಮಾಡಿಕೊಂಡಿದ್ದರು. ಯಾರಾದರೂ ಬರುವುದು ತಡವಾದರೆ, ಹೆಸರು ಕೂಗಿದಾಗ ಪಕ್ಕದವಳೇ ‘ಅವ್ಳೆ’, ಅಂದರೆ ಇದ್ದಾಳೆ, ಎಂದುಬಿಡುವುದು. ಅಷ್ಟರಲ್ಲಿ ಅವಳೂ ಓಡಿ ಬಂದು ಟ್ರ್ಯಾಕ್ಟರ್ ಹತ್ತಿರುತ್ತಿದ್ದಳು.

ಒಂದು ಶನಿವಾರ ಅಪ್ಪ ಕಾಫಿ ಲೋಡಿನ ಜೊತೆ ಸಕಲೇಶಪುರಕ್ಕೆ ಹೋಗುತ್ತ ಹಾಜರಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಹನ್ನೊಂದು ವರ್ಷದ ನನ್ನ ಜಂಭ ಕೇಳಬೇಕೆ! ಸಂಜೆ ಮಂಜು ಇಳಿಯುತ್ತಿತ್ತು, ಹೆಂಗಸರು ಬೇಗ ಕೂಗೆಂದು ಅವಸರಿಸುತ್ತಿದ್ದರು. ‘ಸಣ್ಣಕ್ಕ’ ಎಂದೆ. ಹಿಂದಿನಿಂದ ಯಾರೋ ‘ಅವ್ಳೆ’ ಎಂದರು. ಅದು ಸಣ್ಣಕ್ಕನ ದನಿಯಲ್ಲ. ಅವಳು ಮಾತಾಡಿದರೆ ಎದುರು ಗುಡ್ಡಕ್ಕೂ ಕೇಳುತ್ತಿತ್ತು. ಗೊತ್ತಿದ್ದೂ ಗೊತ್ತಿದ್ದೂ ಅವಳ ಹೆಸರಿನ ಮುಂದೆ ಹಾಜರಿಯ ಗೀಟು ಎಳೆದೆ.

ಕ್ಯಾಪ್ಟನ್ ಗೌಡರು ತಾವೇ ಟ್ರ್ಯಾಕ್ಟರ್ ಸುತ್ತ ನಡೆದು ತಲೆ ಎಣಿಸಿದರು. ಒಬ್ಬರು ಕಡಿಮೆ. ನನ್ನ ಹತ್ತಿರ ಬಂದು ಬಗ್ಗಿ, ಸಣ್ಣಕ್ಕನ ದನಿಯನ್ನು ನೀನೇ ಕೇಳಿದೆಯಾ ಎಂದರು. ಇಲ್ಲವೆಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಸಣ್ಣಕ್ಕ ಅಂದು ಕೊಯ್ಯುತ್ತಿದ್ದುದು ಕೆಳಗೆ ಹಳ್ಳದ ಕಡೆ. ಮಧ್ಯಾಹ್ನದಿಂದ ಅಲ್ಲಿ ಕೊಂಬೆ ಮುರಿಯುವ ಸದ್ದು ಕೇಳಿದವರಿದ್ದರು. ಟ್ರ್ಯಾಕ್ಟರ್ ಓಡಿಸುವವನು ಗೌಡರ ಕೈಯನ್ನೇ ಹಿಡಿದುಕೊಂಡ, ಆನೆ ಅಲ್ಲೇ ನಿಂತಿದೆ, ಹೋಗಬೇಡಿ ಎಂದ.

“ಜನ ಪೂರ್ತಿ ಆಗ್ದೆ ನಾನು ಮನೆಗೆ ಹೋಗಕಿಲ್ಲ ಮಾರಾಯ,” ಎಂದು ಕೈ ಬಿಡಿಸಿಕೊಂಡು, ಟಾರ್ಚ್ ಹಿಡಿದು ಹಳ್ಳಕ್ಕೆ ಇಳಿದೇಬಿಟ್ಟರು.

ಆ ಹೊತ್ತನ್ನು ಹೇಗೆ ಹೇಳಲಿ? ದಿನವೂ ಮಡಿಲಲ್ಲಿ ನನಗೊಂದು ಕಿತ್ತಳೆ ತರುತ್ತಿದ್ದ ಮುದುಕಿ ಸಣ್ಣಕ್ಕ. ಅವಳಿಗೇನಾದರೂ ಆದರೆ ಗೀಟು ಎಳೆದವಳು ನಾನು. ಕೆಳಗೆ ಆನೆ ಘೀಳಿಟ್ಟಿತು. ಹೆಂಗಸರು ಅಳತೊಡಗಿದರು. ಗೊತ್ತಿದ್ದ ದೇವರಿಗೆಲ್ಲ ಕಾಯಿ ಹರಸಿಕೊಂಡೆ.

ಕೊನೆಗೆ ಮಂಜಿನೊಳಗೆ ಬೆಳಕು ಕಂಡಿತು. ಅದಕ್ಕೂ ಮೊದಲು ಸಣ್ಣಕ್ಕನ ದನಿ ಕೇಳಿಸಿತು! ಗೌಡರ ಬೆನ್ನ ಮೇಲೆ ಕೂತು, ಹಿಡಿಯಬೇಕಾದ್ದು ಆ ಕಾಲಲ್ಲ ಈ ಕಾಲು ಎಂದು ಅವರನ್ನೇ ಗದರುತ್ತಿದ್ದಳು. ಜನ ಕೇಕೆ ಹಾಕಿ ಓಡಿದರು. ನಾನು ನಿಂತಲ್ಲೇ ಗಳಗಳ ಅತ್ತೆ.

ಭಾನುವಾರ ಲೈನಿನಲ್ಲಿ, ಉಳುಕಿದ ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಸಣ್ಣಕ್ಕ ಎಲ್ಲವನ್ನೂ ಹೇಳಿದಳು. ದಾರಿಗೆ ಅಡ್ಡ ಆನೆ ನಿಂತಿತ್ತಂತೆ. ಇಬ್ಬರೂ ಬಂಡೆ ಮರೆಗೆ ಕೂತಾಗ ಇವಳಿಗೆ ನಡುಕ. ಅದನ್ನು ನಿಲ್ಲಿಸಲು ಗೌಡರು, ಯಾರಿಗೂ ಹೇಳದಿದ್ದ ಕಥೆಯನ್ನು ಇವಳ ಕಿವಿಯಲ್ಲಿ ಹೇಳಿದ್ದರು.

“ಯುದ್ಧದಾಗೆ ಗುಂಡು ಬಿದ್ದು ಹಡಗು ಉರೀತಿತ್ತಂತೆ ಕಣವ್ವ. ಎಲ್ರನ್ನೂ ದೋಣಿಗೆ ಇಳ್ಸಿ ಎಣ್ಸುದ್ರೆ ಒಬ್ಬ ಕಮ್ಮಿ. ಮುಳುಗ್ತಿರೋ ಹಡಗಿಗೆ ತಿರ್ಗಾ ಇಳುದ್ರಂತೆ. ಎಂಜಿನ್ ತಾವ ಸಿಕ್ಕಾಕ್ಕಂಡಿದ್ದೋನ್ನ ಹೊತ್ಕಂಡು ಬಂದ್ರಂತೆ.”

“ಅವ್ನು ಬದುಕಿದ್ನಾ?” ಎಂದೆ.

“ಬದುಕವ್ನೆ. ನಂಗಿಂತ ಹಗುರ ಇದ್ನಂತೆ.”

ಸಮುದ್ರವನ್ನೇ ಕಾಣದ ಸಣ್ಣಕ್ಕ ಆ ಯುದ್ಧವನ್ನು ಕೊಯ್ಲು ಮುಗಿಯುವವರೆಗೂ ಹೇಳಿದಳು. ಹೇಳಿದಷ್ಟು ಸಲವೂ ಅಲೆ ಎತ್ತರವಾಯಿತು. ಸೌಟಿನ ಮಾತಾಡಿದ್ದವರೆಲ್ಲ ಗೌಡರ ಜೀಪು ಕಂಡರೆ ಎದ್ದು ನಿಲ್ಲತೊಡಗಿದರು. ನಾನಂತೂ ನೆಲದ ಮೇಲೆ ನಡೆಯಲಿಲ್ಲ.

ಆದರೆ ಆ ಕಥೆ ಕೇಳಿದ ಮರುದಿನ, ಸೋಮವಾರ ಸಂಜೆ, ಗೌಡರು ಮನೆಗೇ ಬಂದಾಗ ಬಾಗಿಲ ಹಿಂದೆ ಅಡಗಿಕೊಂಡೆ. ಅವರು ನನ್ನನ್ನು ಕರೆದು, ಹಾಜರಿ ಪುಸ್ತಕ ಕೈಗಿಟ್ಟು, ಇವತ್ತೂ ನೀನೇ ಕೂಗು ಎಂದರು. ಅಪ್ಪ ಕಂಗಾಲಾದರು.

“ಬ್ಯಾಡಿ ಗೌಡ್ರೆ, ತಪ್ಪು ಮಾಡವ್ಳೆ.”

“ಅದ್ಕೇ ಕಣಪ್ಪ. ಇನ್ಮೇಲೆ ಇವಳಷ್ಟು ಸರಿಯಾಗಿ ಯಾರೂ ಕೂಗಕಿಲ್ಲ.”

ನಲವತ್ತು ಹೆಸರು ಕೂಗಿದೆ, ಒಂದೊಂದು ಮುಖವನ್ನೂ ನೋಡಿ ಕೂಗಿದೆ. ಯಾರೂ ಇನ್ನೊಬ್ಬರ ಬದಲು ಓಗೊಡಲಿಲ್ಲ. ಗುಡ್ಡ ಗೆದ್ದವಳ ಹಾಗೆ ಎದೆಯುಬ್ಬಿಸಿ ಮನೆಗೆ ಬಂದೆ.

ಗೌಡರು ತೀರಿಕೊಂಡು ಬಹಳ ವರ್ಷವಾಯಿತು. ಈಗ ಆನೆಯ ಸುದ್ದಿ ಮೊಬೈಲಿಗೆ ಬರುತ್ತದೆ. ದೂರದೂರಿಂದ ವ್ಯಾನಿನಲ್ಲಿ ಬಂದು ಕೊಯ್ಯುವವರ ಹೆಸರು ತೋಟದವರಿಗೇ ಗೊತ್ತಿರುವುದಿಲ್ಲ. ನಾನು ಆಲೂರಿನ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ವಹಿಸಿದ ಕೆಲಸವನ್ನು ಮಗುವೊಂದು ಕೆಡಿಸಿದರೆ ಮರುದಿನ ಅದನ್ನು ಇನ್ನೊಂದು ಜಾಣ ಮಗುವಿಗೆ ಕೊಟ್ಟುಬಿಡುತ್ತೇನೆ. ಮುಳುಗುವ ಹಡಗಿಗೆ ಮತ್ತೆ ಇಳಿದರಲ್ಲ, ಅದೆಂಥ ಎದೆ ಎಂದು ಊರು ಇಂದಿಗೂ ಹೇಳುತ್ತದೆ. ತಪ್ಪು ಮಾಡಿದವಳ ಕೈಗೆ ಎರಡೇ ದಿನಕ್ಕೆ ನಲವತ್ತು ಜೀವ ಒಪ್ಪಿಸುವುದಕ್ಕೂ ಅಷ್ಟೇ ಎದೆ ಬೇಕು. ಅದು ನನಗೆ ಇನ್ನೂ ಬಂದಿಲ್ಲ.